ಬೋರ್ ಲಾರಿಯ ಬೆಳಕಿನಲ್ಲಿ ಮೊದಲ ಪಾಠ

ಸಂಜೆ ಏಳು ಗಂಟೆ. ಹಿರೇಗುಂಟನೂರಿನ ನಿಮ್ಮ ಮನೆಯ ಮಹಡಿ ಮೇಲೆ ಚಾಪೆ ಹಾಸಿ ಕೂತಿದ್ದೀರಿ. ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಇಲ್ಲಿ ಪರವಾಗಿಲ್ಲ. ಹಗಲೆಲ್ಲ ಅಂಗಳದಲ್ಲಿ ಒಣಗಿದ ಬೇಯಿಸಿದ ಅಡಿಕೆಯ ಒಗರು ವಾಸನೆ ಇನ್ನೂ ಗಾಳಿಯಲ್ಲಿದೆ. ಲ್ಯಾಪ್‌ಟಾಪ್ ತೊಡೆಯ ಮೇಲೆ, ಹಾಟ್‌ಸ್ಪಾಟ್ ಹಾಕಿದ ಫೋನು ಪಕ್ಕದಲ್ಲಿ. ಹಗಲು ಪಂಚಾಯಿತಿ ಗ್ರಂಥಾಲಯದ ಕೆಲಸ, ಇವತ್ತಿನಿಂದ ರಾತ್ರಿ ಓದು. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಆನ್‌ಲೈನ್ ತರಗತಿ ಶುರುವಾಗಿದೆ. ಪಾಸ್‌ವರ್ಡ್ ಹಾಕಿದಿರಿ, ಒಟಿಪಿ ಬಂತು, ಪುಟ ತೆರೆಯಿತು.

ಮೊದಲ ಘಟಕ: ಮಾಹಿತಿ ಸಮುದಾಯಗಳು. ವಿಡಿಯೊದಲ್ಲಿ ಪ್ರಾಧ್ಯಾಪಕಿ ಅವಸರವಿಲ್ಲದೆ ಹೇಳುತ್ತಿದ್ದಾರೆ. ಒಂದು ಸಮುದಾಯವನ್ನು ಆರಿಸಿಕೊಳ್ಳಿ. ಅವರಿಗೆ ಏನು ಗೊತ್ತಾಗಬೇಕಿದೆ, ಅದಕ್ಕೆ ಯಾರನ್ನು ಕೇಳುತ್ತಾರೆ, ಯಾವುದರ ಬಗ್ಗೆ ಬಾಯಿ ಬಿಡುವುದಿಲ್ಲ, ನೋಡಿ ಬರೆಯಿರಿ. ಈ ವಾರಕ್ಕೆ ಮೂರೇ ಸಾಲು ಸಾಕು. ಸಹಪಾಠಿಗಳ ಸಾಲುಗಳು ಆಗಲೇ ಬರುತ್ತಿವೆ. ಬೆಂಗಳೂರಿನವರೊಬ್ಬರು ಆಸ್ಪತ್ರೆಯ ನರ್ಸ್‌ಗಳನ್ನು ಆರಿಸಿದ್ದಾರೆ, ಧಾರವಾಡದವರೊಬ್ಬರು ಕೆಎಎಸ್ ಪರೀಕ್ಷೆಗೆ ಓದುವ ಹುಡುಗರನ್ನು.

ನಿಮ್ಮ ಬೆರಳು ಮಾತ್ರ ಕೀಲಿಮಣೆಯ ಮೇಲೆ ನಿಂತೇ ಇದೆ. ನಮ್ಮೂರಲ್ಲಿ ಬರೆಯುವಂಥದ್ದು ಏನಿದೆ ಎಂಬ ಅಳುಕು. ಘಟಕದ ಓದಿನಲ್ಲಿ ಅಮೆರಿಕದ ವಿದ್ವಾಂಸೆ ಕ್ಯಾರಲ್ ಕುಲ್ತೌ ಅವರ ಹೆಸರು ಕಣ್ಣಿಗೆ ಬೀಳುತ್ತದೆ. ಹೊಸ ವಿಷಯ ಹುಡುಕಲು ಹೊರಟವರಿಗೆ ಆರಂಭದಲ್ಲಿ ಗೊಂದಲ, ಅಧೈರ್ಯ ಸಹಜ, ಅದು ಹುಡುಕಾಟದ್ದೇ ಒಂದು ಹಂತ ಎಂದು ಅವರು ವಿದ್ಯಾರ್ಥಿಗಳ ಜೊತೆಗಿದ್ದು ಕಂಡುಕೊಂಡರು. 1991ರಲ್ಲಿ ಆ ಪ್ರಕ್ರಿಯೆಯನ್ನು ಆರು ಹಂತಗಳಾಗಿ ವಿವರಿಸಿದರು. ಓದಿದ ಮೇಲೆ ಎದೆ ಸ್ವಲ್ಪ ಹಗುರ.

ಅಷ್ಟರಲ್ಲಿ ತೋಟದ ಕಡೆಯಿಂದ ಕಂಪ್ರೆಸರ್ ಸದ್ದು. ಚಿಕ್ಕಪ್ಪನ ತೋಟಕ್ಕೆ ಬೋರ್ ಲಾರಿ ಬಂದಿದೆ.

"ತಮ್ಮನ್ನ ಕರ್ಕಂಡು ಹೋಗು, ಕತ್ಲಾಗೈತೆ," ಎನ್ನುತ್ತಾರೆ ಅಮ್ಮ ಒಳಗಿನಿಂದಲೇ.

ತೋಟದ ಬದುವಿನ ಮೇಲೆ ಆಗಲೇ ಅರ್ಧ ಊರು ಸೇರಿದೆ. ಲಾರಿಯ ದೀಪದಲ್ಲಿ ಬೂದು ಬಣ್ಣದ ಧೂಳು ಅಡಿಕೆ ಮರಗಳ ಮೇಲಕ್ಕೆ ಏಳುತ್ತಿದೆ. ರಾಡಿನ ಮೇಲೆ ರಾಡು ಇಳಿಯುತ್ತಿದೆ. ಬೆಳಿಗ್ಗೆ ನೀರಿನ ಪಾಯಿಂಟ್ ಮಾಡಿಹೋದವರು ತೆಂಗಿನಕಾಯಿ ಇಟ್ಟು ತೋರಿಸಿದ ಜಾಗವೇ ಇದು.

"ಎಷ್ಟಡಿ ಆತಣ್ಣ?"

"ನಾನೂರು ದಾಟ್ತು. ಬರೀ ಧೂಳು."

"ಕಪ್ಪು ಕಲ್ಲು ಬಿಟ್ಟು ಬಿಳೀದು ಬಂದ್ರೆ ನೀರೈತೆ ಅಂತ. ಹಳ್ಳದ ದಂಡೇಲಿ ಹಂಗೇ ಆಗಿತ್ತು. ಆರ್ನೂರಕ್ಕೆ ಎರಡಿಂಚು."

"ಅದು ಬ್ಯಾಸಗೇಲಿ ನಿಂತೋತಲ್ಲ!"

ಕಿವಿಗೊಟ್ಟು ನಿಲ್ಲಿ. ಇಲ್ಲಿ ಬೋರಿನ ಮಾತಷ್ಟೇ ನಡೆಯುತ್ತಿಲ್ಲ. ಭೀಮಸಮುದ್ರದಲ್ಲಿ ರಾಶಿ ಅಡಿಕೆಗೆ ಇವತ್ತು ಏನು ರೇಟು, ಈ ಸಲ ಫಸಲನ್ನು ಚೇಣಿ ಗುತ್ತಿಗೆಗೆ ಕೊಡುವುದು ಲಾಭವೋ ನಾವೇ ಸುಲಿಸುವುದೋ, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಏನೇನು ಕೇಳುತ್ತಾರೆ, ರೈತ ಸಂಪರ್ಕ ಕೇಂದ್ರಕ್ಕೆ ಸ್ಪ್ರಿಂಕ್ಲರ್ ಪೈಪು ಬಂತೋ ಇಲ್ಲವೋ. ಇಡೀ ಹಗಲು ಗ್ರಂಥಾಲಯದಲ್ಲಿ ಯಾರೂ ನಿಮ್ಮನ್ನು ಕೇಳದ ಪ್ರಶ್ನೆಗಳೆಲ್ಲ ಇಲ್ಲಿ ಒಂದರ ಹಿಂದೊಂದು ಬರುತ್ತಿವೆ, ಉತ್ತರವೂ ಸಿಗುತ್ತಿದೆ.

ರಾಡು ಬದಲಿಸುವ ಬಿಡುವಿನಲ್ಲಿ ಫೋನು ತೆಗೆದು ಘಟಕದ ಮುಂದಿನ ಪುಟ ಓದುತ್ತೀರಿ. ಕೆನಡಾದ ಒಂಟಾರಿಯೊದಲ್ಲಿ ವೃದ್ಧರ ಪಾದದ ಆರೈಕೆಗೆಂದು ನಡೆಯುತ್ತಿದ್ದ ಕ್ಲಿನಿಕ್‌ಗಳು. 1990ರ ದಶಕದಲ್ಲಿ ಸಂಶೋಧಕಿ ಕ್ಯಾರೆನ್ ಫಿಶರ್ ಅಲ್ಲಿ ಕೂತು ಗಮನಿಸಿದರು. ಬಂದವರು ಕಾಲು ತೋರಿಸಿಕೊಳ್ಳಲು ಬಂದವರು, ಆದರೆ ದಾದಿಯರ ಜೊತೆ ಆಡುವ ಮಾತಿನಲ್ಲೇ ಪಿಂಚಣಿ, ಔಷಧ, ಮನೆಗೆಲಸದ ನೆರವು ಎಲ್ಲದರ ಸುದ್ದಿ ಕೈ ಬದಲಾಯಿಸುತ್ತಿತ್ತು. ಬೇರೆ ಕೆಲಸಕ್ಕೆಂದು ಜನ ಸೇರಿದ ಜಾಗದಲ್ಲಿ ಮಾಹಿತಿ ತಾನಾಗಿ ಹಂಚಿಕೆಯಾಗುತ್ತದೆ ಎಂಬುದು ಅವರ ಸಿದ್ಧಾಂತ. ತಲೆ ಎತ್ತಿ ಬದುವಿನ ಮೇಲಿನ ಜನರನ್ನು ನೋಡುತ್ತೀರಿ. ಒಂಟಾರಿಯೊದ ಕ್ಲಿನಿಕ್ಕೂ ಚಿತ್ರದುರ್ಗ ತಾಲ್ಲೂಕಿನ ಈ ತೋಟವೂ ಒಂದೇ ಪುಟದಲ್ಲಿ ಕೂರುತ್ತವೆ.

ಗುಂಪಿನಲ್ಲಿ ಯಾರೋ ಇನ್ನೊಬ್ಬರನ್ನು ಕೇಳುತ್ತಾರೆ: "ನಿಂದೆಷ್ಟಡಿಗೆ ಹೋತಪ್ಪ, ಹೋದ ತಿಂಗಳದ್ದು?"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಆಚೆ ಸರಿಯುತ್ತಾರೆ. ಆಮೇಲೆ ಚಿಕ್ಕಪ್ಪ ನಿಮ್ಮ ಕಿವಿಯಲ್ಲಿ ಹೇಳುತ್ತಾರೆ: "ಎರಡು ಕೊರೆಸಿದ್ರು, ಎರಡೂ ಫೇಲು. ಮಗಳ ಮದ್ವೆ ಮಾತುಕತೆ ನಡೀತೈತೆ. ಯಾರತ್ರಾನೂ ಹೇಳಿಲ್ಲ."

ಈ ಮೌನವೂ ಪಾಠದಲ್ಲಿದೆ. ಎಲ್ಫ್ರಿಡಾ ಚಾಟ್‌ಮನ್ ಎಂಬ ಅಮೆರಿಕದ ವಿದ್ವಾಂಸೆ ವಿಶ್ವವಿದ್ಯಾಲಯದ ಕಸ ಗುಡಿಸುವವರು, ನಿವೃತ್ತ ಹೆಂಗಸರು, ಸೆರೆಮನೆಯ ಮಹಿಳೆಯರ ನಡುವೆ ಇದ್ದು ಅಧ್ಯಯನ ಮಾಡಿದರು. ಮಾಹಿತಿಯ ಬಡತನ ಬರೀ ಪುಸ್ತಕವಿಲ್ಲದ್ದರಿಂದ ಬರುವುದಲ್ಲ. ಹೇಳಿದರೆ ನಷ್ಟ ಎಂಬ ಭಯದಿಂದ ಜನ ತಮ್ಮ ಕಷ್ಟವನ್ನು ಮುಚ್ಚಿಟ್ಟಾಗಲೂ ಬರುತ್ತದೆ ಎಂದು 1996ರಲ್ಲಿ ಬರೆದರು. ಇದಕ್ಕಿಂತ ನಿಜವಾದ ಮಾತನ್ನು ಈ ವಿಷಯದಲ್ಲಿ ನಾನು ಓದಿಲ್ಲ. ಇಲ್ಲಿ ಆ ಮೌನದ ಬೆಲೆ ಕಣ್ಣೆದುರಿಗಿದೆ. ಈ ನೆಲದಡಿ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಬೋರು ಹೇಳುವುದು ಅಲ್ಪ, ಸುತ್ತಲಿನ ಹತ್ತು ಬೋರುಗಳ ಲೆಕ್ಕ ಸೇರಿದರೆ ಒಂದಿಷ್ಟು ಅಂದಾಜು ಸಿಗುತ್ತದೆ. ಆದರೆ ನೀರು ಬಿದ್ದದ್ದು ಊರೆಲ್ಲ ಹಬ್ಬುತ್ತದೆ, ಬೀಳದ್ದು ಮನೆಯೊಳಗೇ ಉಳಿಯುತ್ತದೆ. ಅರ್ಧ ಲೆಕ್ಕ ನಂಬಿ ಮತ್ತೊಬ್ಬರು ಸಾಲ ಮಾಡುತ್ತಾರೆ.

ಐನೂರರ ಹತ್ತಿರ ಧೂಳು ಒದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಕೆಸರು ನೀರು ಚಿಮ್ಮಿತು. ಚಿಕ್ಕಮ್ಮ ಕೈ ಮುಗಿದರು. "ಒಂದಿಂಚು ಇರ್ಬೋದು," ಎಂದರು ಮೇಸ್ತ್ರಿ. ಅಷ್ಟು ಸಾಕು ಇವತ್ತಿಗೆ.

ಮರುದಿನ ಗ್ರಂಥಾಲಯದ ಬಾಗಿಲು ತೆಗೆದಾಗ ಅದೇ ದಿನಪತ್ರಿಕೆಗಳು, ಅದೇ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳು. ಈ ಕೋಣೆಯ ಹಿಂದೆ ದೊಡ್ಡ ಇತಿಹಾಸವಿದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಆ ವಿಷಯದ ಸಂಶೋಧನೆ, ತರಬೇತಿಗೆಂದು ಬೆಂಗಳೂರಿನಲ್ಲಿ ಡಿಆರ್‌ಟಿಸಿ ಕೇಂದ್ರ ಕಟ್ಟಿದ್ದು 1962ರಲ್ಲಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ 'ಓದುವ ಬೆಳಕು' ಹೆಸರಿನಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಈಗ ಫಲಕದ ಮೇಲೆ 'ಅರಿವು ಕೇಂದ್ರ' ಎಂದಿದೆ. ಇದೆಲ್ಲ ಒಳ್ಳೆಯದೇ. ಆದರೆ ಓದುಗರು ಬರಲಿ ಎಂದು ಕಾಯುವುದು ರಂಗನಾಥನ್ ಅವರ ದಾರಿಯಾಗಿರಲಿಲ್ಲ. 1931ರಲ್ಲಿ, ಅವರು ಗ್ರಂಥಾಲಯ ವಿಜ್ಞಾನದ ತಮ್ಮ ಪಂಚಸೂತ್ರಗಳ ಪುಸ್ತಕ ಪ್ರಕಟಿಸಿದ ವರ್ಷವೇ, ತಂಜಾವೂರು ಸೀಮೆಯ ಮನ್ನಾರ್‌ಗುಡಿಯಿಂದ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹಳ್ಳಿಗಳಿಗೆ ಹೊರಟಿದ್ದವು.

ಮಧ್ಯಾಹ್ನದ ಬಿಡುವಿನಲ್ಲಿ ಆ ಮೂರು ಸಾಲು ಸಲೀಸಾಗಿ ಬರುತ್ತವೆ. ನನ್ನ ಸಮುದಾಯ ಹಿರೇಗುಂಟನೂರು ಹೋಬಳಿಯಲ್ಲಿ ಬೋರ್ ಕೊರೆಸುವ ರೈತರು. ಅವರ ಮಾಹಿತಿ ಬಾಯಿಂದ ಬಾಯಿಗೆ ಹೋಗುತ್ತದೆ, ಸೋಲಿನ ಮಾಹಿತಿ ಹೋಗುವುದೇ ಇಲ್ಲ. ಗ್ರಂಥಾಲಯ ಅದನ್ನು ಹೇಗೆ ಕಾಪಾಡಿ ಹಂಚಬಹುದು ಎಂದು ನೋಡಬೇಕಿದೆ.

ಕಳುಹಿಸಿದ ಮೇಲೆ ಕಪಾಟಿನಿಂದ ಒಂದು ಹೊಸ ಲೆಡ್ಜರ್ ತೆಗೆದು ಗೆರೆ ಎಳೆಯುತ್ತೀರಿ. ದಿನಾಂಕ, ಯಾವ ಕಡೆಯ ಜಮೀನು, ಎಷ್ಟಡಿ, ಯಾವ ಬಣ್ಣದ ಕಲ್ಲು, ನೀರೆಷ್ಟು, ಬೇಸಗೆಯಲ್ಲಿ ನಿಂತಿತೇ. ಮಾಲೀಕರ ಹೆಸರಿಗೆ ಕಾಲಂ ಬೇಡ. ಹೆಸರಿಲ್ಲದಿದ್ದರೆ ಫೇಲಾದದ್ದನ್ನೂ ಹೇಳುವ ಧೈರ್ಯ ಬಂದೀತು.

ನೀವು ಯಾವುದೇ ಊರಿನ ಅರಿವು ಕೇಂದ್ರದ ಮೇಲ್ವಿಚಾರಕರಾಗಿರಿ, ಓದುಗರಾಗಿರಿ, ಅಂಥದೊಂದು ಪುಸ್ತಕವನ್ನು ಈ ಬೇಸಗೆಗೆ ಮುಂಚೆ ಶುರುಮಾಡಿ. ನೀರು ಬೀಳದ ಬೋರುಗಳನ್ನು ಮೊದಲು ಬರೆಸಿ.