ನಮ್ಮ ಪಾದದ ಅಳತೆ

ಈ ಸಲ ನಾವು ಬರೆಯುತ್ತಿರುವುದು ಉಲ್ಲನ್ ಕಾಲುಚೀಲದ ಬಗ್ಗೆ. ಭೂಮಿ, ಕೂಲಿ, ಬಹಿಷ್ಕಾರ, ಕೊಲೆಯ ಸುದ್ದಿ ಬರುವ ಪುಟಗಳಲ್ಲಿ ಇದೆಂಥ ಹೆಂಗಸರ ಕಸೂತಿ ಪುರಾಣ ಅಂತ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಕಾಲಿಗೆ ಏನು ಮೆಟ್ಟಬೇಕು, ಎಲ್ಲಿ ಮೆಟ್ಟಬೇಕು, ಯಾರ ಮನೆ ಮುಂದೆ ಕೈಗೆ ತಗೋಬೇಕು ಅನ್ನೋದನ್ನ ಈ ದೇಶದಲ್ಲಿ ಜಾತಿಯೇ ತೀರ್ಮಾನ ಮಾಡಿಕೊಂಡು ಬಂದಿದೆ. ಹಾಗಿರುವಾಗ ಕಾಲುಚೀಲ ಸಣ್ಣ ಮಾತಲ್ಲ.

ನಾವು ಚಿಕ್ಕಮಗಳೂರು ಸೀಮೆಯ ಕಾಫಿ ತೋಟದ ಲೈನುಮನೆಗಳ ಹೆಂಗಸರು. ನಮ್ಮ ಹಿರೀಕರು ಬಯಲುಸೀಮೆಯ ಮಾದಿಗರ ಕೇರಿಗಳಿಂದ, ಹೊಲಗೇರಿಗಳಿಂದ ಕೂಲಿ ಹುಡುಕಿಕೊಂಡು ಘಟ್ಟ ಹತ್ತಿದವರು. ಅರೇಬಿಕಾ ಹಣ್ಣು ಬಿಡಿಸುವುದು ನವೆಂಬರಿನಿಂದ ಜನವರಿಯವರೆಗೆ. ಚಳಿ ಬೀಳುವುದೂ ಅದೇ ಹೊತ್ತಿಗೆ. ಬೆಳಗ್ಗೆ ಎದ್ದು ಸಿಮೆಂಟು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯ ಬಿರುಕಿನೊಳಗೆ ಸೂಜಿ ಚುಚ್ಚಿದ ಹಾಗಾಗುತ್ತೆ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಮಳೆಚಳಿಯಿಂದ ಕೂಲಿಯವರನ್ನು ಕಾಯಲು ಒಂದು ಕಲಮು ಇತ್ತು. ಅದರಲ್ಲಿ ಹೆಸರು ಹಿಡಿದು ಹೇಳಿದ್ದು ಕೊಡೆ, ಕಂಬಳಿ, ಮಳೆಕೋಟು. ಉಳಿದದ್ದೆಲ್ಲ ಇತ್ಯಾದಿ. ತಲೆಯ ಮಾತು ಬಂತು, ಮೈಯ ಮಾತು ಬಂತು. ಕಾಲು ಇತ್ಯಾದಿಯಲ್ಲಿ ಉಳೀತು.

ನಮಗೆ ಕ್ರೋಶಾ ಕಲಿಸಲು ಬಂದವರು ಪೇಟೆಯ ಒಬ್ಬ ಮೇಡಮ್ಮು. ಒಳ್ಳೆ ಮನಸ್ಸಿನವರೇ. ಆದರೆ ಬಂದ ದಿವಸವೇ, "ಬಿಡುವಿನ ವೇಳೆ ಸುಮ್ನೆ ಹಾಳು ಮಾಡಬೇಡಿ. ಬಾಗಿಲಿಗೆ ತೋರಣ, ಟೀವಿಗೆ ಹೊದಿಕೆ, ಟೀಪಾಯಿಗೆ ಬಟ್ಟೆ ಹೆಣೆಯೋದು ಹೇಳಿಕೊಡ್ತೀನಿ" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಗಳಲ್ಲಿ ಟೀಪಾಯಿ ಇಲ್ಲ. ಬಿಡುವು ಅನ್ನೋ ಸಾಮಾನು ಅದಕ್ಕಿಂತಲೂ ಇಲ್ಲ. ನಮ್ಮಲ್ಲೊಬ್ಬಳು ಬಾಯಿಬಿಟ್ಟು ಕೇಳಿಯೇಬಿಟ್ಟಳು: "ಮೇಡಂ, ಟೀಪಾಯಿಗೆ ಚಳಿ ಆಗಲ್ಲ. ನಮ್ಮ ಕಾಲಿಗೆ ಏನಾದ್ರೂ ಹೆಣೆಯೋದಿದ್ರೆ ಹೇಳ್ಕೊಡಿ." ಮೇಡಮ್ಮು ನಕ್ಕರು. ಅದು ಎಲ್ಲಕ್ಕಿಂತ ಸುಲಭ, ಚೌಕಟ್ಟಾಗಿ ಒಂದು ತುಂಡು ಹೆಣೆಯಲು ಬಂದರೆ ಆಯಿತು ಅಂದರು.

ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ, ಬೇಕಾದವರು ಕಲೀಲಿ. ಬೇಕಾಗುವುದು ದಪ್ಪನೆಯ ಉಲ್ಲನ್ ದಾರ ಸುಮಾರು 100 ಗ್ರಾಂ, 5 ಮಿಲಿಮೀಟರಿನ ಒಂದು ಕ್ರೋಶಾ ಕಡ್ಡಿ, ಒಂದು ದಬ್ಬಣ. ದಾರಕ್ಕೆ ಜಾರುಗಂಟು ಹಾಕಿ ಕಡ್ಡಿಗೆ ಏರಿಸಿಕೊಳ್ಳಿ. ಕೊಕ್ಕೆಯಿಂದ ದಾರ ಹಿಡಿದು ಗಂಟಿನೊಳಗಿಂದ ಎಳೆದರೆ ಒಂದು ಕುಣಿಕೆ. ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ. ಹೀಗೆ 31 ಕುಣಿಕೆಯ ಸರಪಳಿ ಮಾಡಿ. ಕಡ್ಡಿಯ ಪಕ್ಕದ ಒಂದನ್ನು ಬಿಟ್ಟು ಎರಡನೆಯದರೊಳಗೆ ಕೊಕ್ಕೆ ತೂರಿಸಿ ದಾರ ಎಳಕೊಂಡರೆ ಕಡ್ಡಿಯ ಮೇಲೆ ಎರಡು ಕುಣಿಕೆ ಕೂರುತ್ತವೆ. ಮತ್ತೆ ದಾರ ಹಿಡಿದು ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಒಂದು ಹೆಣಿಗೆ ಮುಗೀತು. ಇಷ್ಟೇ ವಿದ್ಯೆ. ಸಾಲಿಗೆ 30 ಹೆಣಿಗೆ. ಸಾಲು ಮುಗಿದಾಗ ಎತ್ತರಕ್ಕೆ ಒಂದು ಕುಣಿಕೆ ಹಾಕಿ, ತಿರುಗಿಸಿ, ಮತ್ತೆ 30.

ಎರಡನೇ ಸಾಲಿನಿಂದ ಒಂದು ಗುಟ್ಟಿದೆ. ಪ್ರತಿ ಹೆಣಿಗೆಯ ತಲೆಯ ಮೇಲೆ ಎರಡು ಎಳೆ ಇರುತ್ತವೆ. ಎರಡನ್ನೂ ಹಿಡಿಯದೆ ಹಿಂದಿನ ಎಳೆಯೊಂದನ್ನೇ ಹಿಡಿದು ಹೆಣೆದರೆ ತುಂಡು ಉತ್ತ ಹೊಲದ ಸಾಲಿನ ಹಾಗೆ ಏರಿಳಿತವಾಗಿ ಬರುತ್ತೆ. ರಬ್ಬರಿನ ಹಾಗೆ ಹಿಗ್ಗಿ ಪಾದವನ್ನು ಹಿಡಿಯುತ್ತೆ. ಸುಮಾರು 32 ಸಾಲು ಆದ ಮೇಲೆ ಪಾದಕ್ಕೆ ಸುತ್ತಿ ನೋಡಿ. ಅಂಚಿಗೆ ಅಂಚು ಕೂಡಿದರೆ ಸಾಕು. ಉದ್ದಕ್ಕೆ ಮಡಿಸಿ ಒಂದು ತುದಿಯನ್ನು ನೆಟ್ಟಗೆ ಹೊಲೆದರೆ ಹಿಮ್ಮಡಿ ಆಯಿತು. ಇನ್ನೊಂದು ತುದಿಗೆ ದಬ್ಬಣದಿಂದ ದಾರ ಪೋಣಿಸಿ ಎಲೆಯಡಿಕೆ ಚೀಲದ ಬಾಯಿಯಂತೆ ಬಿಗಿದರೆ ಅದು ಬೆರಳಿನ ಕಡೆ. ಬೆರಳಿನಿಂದ ಮೇಲ್ಪಾದದ ಅರ್ಧದವರೆಗೆ ಅಂಚುಗಳನ್ನು ಕೂಡಿಸಿ ಹೊಲೆದು, ಉಳಿದದ್ದನ್ನು ಕಾಲು ತೂರಿಸಲು ಬಿಡಬೇಕು.

ಹೊಸಬರು ಎಚ್ಚರ ಇಡಬೇಕಾದದ್ದು ಒಂದೇ. ಸಾಲಿನ ಕೊನೆಯ ಹೆಣಿಗೆ ಅಂಚಿನಲ್ಲಿ ಅವಿತಿರುತ್ತೆ. ಅದು ಕಣ್ಣಿಗೆ ತಪ್ಪಿದರೆ ಸಾಲಿಗೊಂದು ಕಮ್ಮಿಯಾಗಿ ತುಂಡು ಸೊಟ್ಟಗಾಗುತ್ತೆ. ಆದ್ದರಿಂದ ಪ್ರತಿ ಸಾಲನ್ನೂ ಎಣಿಸಬೇಕು. ಎಣಿಸೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸಂಜೆ ಹಣ್ಣು ತೂಗುವ ಹೊತ್ತಿಗೆ ರೈಟರು ಪುಸ್ತಕದಲ್ಲಿ ಎಷ್ಟು ಕೇಜಿ ಬರೆದ ಅಂತ ಕಣ್ಣಿಟ್ಟು ನೋಡಿ ನೋಡಿ ಪಳಗಿದವರು ನಾವು.

ಮೇಡಮ್ಮು ಈ ಕಡ್ಡಿಯನ್ನು ಚೀಲದಿಂದ ತೆಗೆದಾಗ ಅದು ನಮಗೆ ದೊರೆಸಾನಿಯರ ಸಾಮಾನಿನ ಹಾಗೆ ಕಂಡಿತ್ತು. ಆಮೇಲೆ ಕೈಯಲ್ಲಿ ಹಿಡಿದಾಗ ಎಲ್ಲೋ ನೋಡಿದ್ದೀವಲ್ಲ ಅನ್ನಿಸಿತು. ನೋಡಿದ್ದು ನಮ್ಮ ಅಜ್ಜಂದಿರ ಕೈಯಲ್ಲೇ. ಚಪ್ಪಲಿ ಹೊಲೆಯುವ ಉಳಿಯ ಮೂತಿಯಲ್ಲಿ ಒಂದು ಕಚ್ಚು ಇರುತ್ತೆ. ಚರ್ಮದೊಳಗೆ ಇಳಿದು ಅಡಿಯಿಂದ ದಾರ ಎಳೆದು ತರುವುದು ಆ ಕಚ್ಚೇ. ಗುಜರಾತಿನ ಕಛ್ ಸೀಮೆಯ ಮೋಚಿಗಳು ಚರ್ಮ ಹೊಲೆಯುವ ಇಂಥದೇ ಕೊಕ್ಕೆಯಿಂದ ಬಟ್ಟೆಯ ಮೇಲೆ ರೇಷ್ಮೆಯ ಕಸೂತಿ ತೆಗೆದರು. ಅದಕ್ಕೆ ಇವತ್ತಿಗೂ ಮೋಚಿ ಭರತ್ ಅಂತಲೇ ಹೆಸರು. ಪೂರ್ವದೇಶಗಳ ಈ ಬಗೆಯ ಕೊಕ್ಕೆ ಕಸೂತಿ 18ನೇ ಶತಮಾನದಲ್ಲಿ ಯುರೋಪಿಗೆ ಹೋಗಿ ಟ್ಯಾಂಬೂರ್ ಅನ್ನಿಸಿಕೊಂಡಿತು. ಕೊನೆಗೆ ಬಟ್ಟೆಯನ್ನೇ ಬಿಟ್ಟು ಬರೀ ದಾರದಲ್ಲಿ ಹೆಣೆದಾಗ ಅದು ಕ್ರೋಶಾ ಆಯಿತು ಅನ್ನೋದು ಈ ಕಸುಬಿನ ಚರಿತ್ರೆ ಬರೆದ ಹಲವರ ಅಭಿಪ್ರಾಯ. ಅಂದಮೇಲೆ ಇದು ದೊರೆಸಾನಿಯ ಮನೆಯಿಂದ ನಮ್ಮ ಕೇರಿಗೆ ಇಳಿದು ಬಂದದ್ದಲ್ಲ. ಚಮ್ಮಾರನ ಕೈಯಿಂದ ಹೊರಟು, ಸಮುದ್ರ ದಾಟಿ, ಬಿಳಿಯರ ಹೆಸರಿಟ್ಟುಕೊಂಡು ವಾಪಸು ಬಂದ ನೆಂಟರು.

ಮೊದಲ ಜೊತೆಯನ್ನು ನಮ್ಮ ಲೈನಿನ ಹಿರಿಯಜ್ಜಿಗೆ ಮಾಡೋಣ ಅಂತ ಹೋದೆವು. ಅಜ್ಜಿ ಕೈ ಅಡ್ಡ ಹಿಡಿಯಿತು. "ಕಾಲಿಗ್ಯಾಕ್ರವ್ವಾ ಉಲ್ಲನ್ನು? ಮಗೀಗೊಂದು ಕುಲಾವಿ ಹೆಣೀರಿ." ಅಜ್ಜಿ ಹುಟ್ಟಿದೂರಿನಲ್ಲಿ ಗೌಡರ ಬೀದಿ ದಾಟುವಾಗ ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರಿಗಾಲಲ್ಲಿ ನಡೆಯಬೇಕಿತ್ತಂತೆ. ಆ ಚಪ್ಪಲಿ ಹೊಲೆದವನು ಅಜ್ಜಿಯ ಅಪ್ಪ. ಗೌಡರ ಕಾಲಿನ ಚಪ್ಪಲಿ ಹೊಲೆದವನೂ ಅವನೇ. ನಾವು ಬಿಡಲಿಲ್ಲ. ಹಳೇ ಪೇಪರು ಹಾಸಿ, ಅಜ್ಜಿಯ ಕಾಲಿಡಿಸಿ, ಸೀಸದಕಡ್ಡಿಯಿಂದ ಪಾದದ ಸುತ್ತ ಗೆರೆ ಎಳೆದೆವು. ಗೆರೆ ಹಿಮ್ಮಡಿಗೆ ಬರುವಷ್ಟರಲ್ಲಿ ಅಜ್ಜಿ ಮೆಲ್ಲಗೆ ಹೇಳಿತು: "ನಮ್ಮಪ್ಪ ಊರೋರ ಕಾಲೆಲ್ಲಾ ಅಳೆದ ಕಣ್ರವ್ವಾ. ನನ್ನ ಕಾಲು ಅಳೀಲಿಲ್ಲ. ಮಿಕ್ಕಿದ ತುಂಡಲ್ಲಿ ಎಷ್ಟು ಬಂತೋ ಅಷ್ಟು ಹೊಲೆದು ಕೊಟ್ಟ."

ನಮಗೆ ಮಾತು ಹೊರಡಲಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರು ಅನ್ನೋ ಕಥೆಯನ್ನು ಎಲ್ಲರೂ ಭಕ್ತಿಯಿಂದ ಹೇಳುತ್ತಾರೆ. ಆ ದಂಪತಿಗಳ ಕಾಲಲ್ಲಿ ಆವತ್ತು ಏನಿತ್ತು ಅಂತ ಕಥೆ ಹೇಳುವವರು ಹೇಳುವುದಿಲ್ಲ. ಕಾಲ ಎಷ್ಟು ಸರಿದಿದೆ ನೋಡಿ. 2015ರಲ್ಲಿ ದೌರ್ಜನ್ಯ ತಡೆ ಕಾಯಿದೆಗೆ ತಿದ್ದುಪಡಿ ತಂದಾಗ, ನಮ್ಮ ಜನ ಸಾರ್ವಜನಿಕ ಜಾಗದಲ್ಲಿ ಪಾದರಕ್ಷೆ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಸೈಕಲ್ಲು ಹತ್ತುವುದನ್ನು, ಮದುವೆ ದಿಬ್ಬಣ ಹೊರಡಿಸುವುದನ್ನು ತಡೆದರೆ ಅಪರಾಧ ಅಂತ ಅಕ್ಷರದಲ್ಲಿ ಬರೆಯಬೇಕಾಯಿತು. 2016ರ ಜನವರಿ 26ಕ್ಕೆ ಅದು ಜಾರಿಗೆ ಬಂತು. ಸಂವಿಧಾನ ಜಾರಿಗೆ ಬಂದು ಆವತ್ತಿಗೆ 66 ವರ್ಷ. ತಡೆಯುವವರು ಇಲ್ಲದಿದ್ದರೆ ಕಾಯಿದೆ ಯಾಕೆ ಬೇಕಿತ್ತು?

ಕಾಲುಚೀಲ ಸಿದ್ಧವಾದಾಗ ಅಜ್ಜಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಬಂದು ಬಯ್ದಿತು. "ಹಿಮ್ಮಡಿ ಹೊಲಿಗೆ ಒಳಗಡೆ ಇಟ್ಟಿದ್ದೀರಲ್ರೇ, ಒಡೆದ ಹಿಮ್ಮಡಿಗೆ ಒತ್ತುತ್ತೆ. ಹೊರಗೆ ತಗೀರಿ." ಚಮ್ಮಾರನ ಮಗಳಿಗೆ ಗೊತ್ತಿದ್ದದ್ದು ಮೇಡಮ್ಮಿಗೂ ಗೊತ್ತಿರಲಿಲ್ಲ. ಉಲ್ಲನ್ನು ಸಿಮೆಂಟು ನೆಲದಲ್ಲಿ ಜಾರುತ್ತೆ ಅಂತ ಹೇಳಿ, ಸೈಕಲ್ ಟ್ಯೂಬು ಕತ್ತರಿಸಿ ಅಂಗಾಲಿಗೆ ಎರಡು ತುಂಡು ಹೊಲೆಯೋದನ್ನ ತೋರಿಸಿಕೊಟ್ಟಿದ್ದೂ ಅಜ್ಜಿಯೇ. ಟ್ಯೂಬಿಗೆ ದಬ್ಬಣ ಇಳಿಯಲ್ಲ. ಪೆಟ್ಟಿಗೆಯಲ್ಲಿ ಇಟ್ಟಿದ್ದ ಅಪ್ಪನ ಉಳಿ ಹೊರಗೆ ಬಂತು.

ಇನ್ನು ದುಡ್ಡಿನ ಮಾತು. ಪೇಟೆಯ ಒಬ್ಬ ಅಂಗಡಿಯವರು ಬಂದು ನೋಡಿದರು, ಮೆಚ್ಚಿದರು. ಪ್ರವಾಸಕ್ಕೆ ಬರುವ ಬೆಂಗಳೂರಿನವರು ಕೊಳ್ಳುತ್ತಾರೆ ಅಂದರು. ಉಲ್ಲನ್ನಿನ ದುಡ್ಡು ಕಳೆದು ಜೊತೆಗೆ 60 ರೂಪಾಯಿ ಕೊಡ್ತೀನಿ, "ಹೆಂಗೂ ಮನೇಲಿ ಕೂತು ಮಾಡ್ತೀರಲ್ಲಾ" ಅಂದರು. ಈ ಮಾತು ಹಳೆಯದು. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಬಡ ಕ್ರೈಸ್ತ ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿದರು. ಅವರಲ್ಲಿ ಮಾಲ, ಮಾದಿಗರೂ ಇದ್ದರು. ಆ ಲೇಸು ಹಡಗು ಹತ್ತಿ ದೇಶದೇಶಕ್ಕೆ ಹೋಯಿತು. ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ ಅಲ್ಲಿದ್ದು ನೋಡಿ, 1982ರಲ್ಲಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಅನ್ನೋ ಪುಸ್ತಕ ತಂದರು. ದಿನದಲ್ಲಿ ಆರೆಂಟು ಗಂಟೆ ಹೆಣೆಯುವ ಹೆಂಗಸರನ್ನು ವ್ಯಾಪಾರದ ಗಂಡಸರು ಕೂಲಿಗಾರ್ತಿಯರು ಅಂತ ಕರೆಯಲೇ ಇಲ್ಲ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಅಂದರು. ಬಿಡುವಿನ ಕೆಲಸ ಅಂದಮೇಲೆ ಕನಿಷ್ಠ ಕೂಲಿಯ ಲೆಕ್ಕವೇ ಬೇಡವಲ್ಲ. 2024ರಲ್ಲಿ ಆ ಲೇಸಿಗೆ ಸರ್ಕಾರದ ಭೌಗೋಳಿಕ ಗುರುತಿನ ಮುದ್ರೆ ಬಿತ್ತು. ಮುದ್ರೆಯಲ್ಲಿ ಊರಿನ ಹೆಸರಿದೆ.

ನಾವು ಲೆಕ್ಕ ಹಾಕಿದೆವು. ಸಾಲಿಗೆ 30ರಂತೆ 32 ಸಾಲಿಗೆ 960 ಹೆಣಿಗೆ. ಜೊತೆಗೆ 1,920. ಹೊಸಬರಾದ ನಮಗೆ ಹೊಲಿಗೆಯೂ ಸೇರಿ ಎಂಟು ಗಂಟೆ ಹಿಡಿಯುತ್ತೆ. ತೋಟದಲ್ಲಿ ಎಂಟು ಗಂಟೆ ಅಂದರೆ ಒಂದು ಆಳು. ಹಾಗಾದರೆ ಜೊತೆಯ ಬೆಲೆ ಒಂದಾಳಿನ ಕೂಲಿ, ಮೇಲೆ ಉಲ್ಲನ್ನಿನ ದುಡ್ಡು. ಅದಕ್ಕೆ ಕಮ್ಮಿಗೆ ಕೊಡೋದು ಬೇಡ ಅಂದೆವು. ಆಗ ನಮ್ಮಲ್ಲೊಬ್ಬಳು ಎದ್ದು ನಿಂತಳು. "ನಿಮ್ಮ ಲೆಕ್ಕ ಸರಿ ಕಣ್ರಕ್ಕಾ. ಬರೋ ಅರವತ್ತನ್ನೂ ಬ್ಯಾಡ ಅಂದ್ರೆ ನನ್ನ ಮಗನ ಫೀಜು ಯಾರು ಕಟ್ತಾರೆ?" ಇದಕ್ಕೆ ಘೋಷಣೆ ಕೂಗಿ ಉತ್ತರ ಕೊಡಲು ಆಗುವುದಿಲ್ಲ. ಅವಳು ಮಾರಿದಳು. ನಾವು ಅವಳನ್ನು ಬಿಟ್ಟುಕೊಡಲಿಲ್ಲ. ಆದರೆ ಒಂದು ನೋಟುಪುಸ್ತಕ ಮಾಡಿದೆವು. ಯಾರು ಎಷ್ಟು ಗಂಟೆ ಹೆಣೆದರು, ಎಷ್ಟು ಸಿಕ್ಕಿತು, ಎಷ್ಟು ಸಿಗಬೇಕಿತ್ತು ಅಂತ ಮೂರು ಕಾಲಂ. ಮೂರನೇ ಕಾಲಂ ತುಂಬುತ್ತಾ ಇದೆ. ಅಂಗಡಿಯವರು ಮುಂದಿನ ಸಲ ಬಂದಾಗ ಎಲ್ಲರೂ ಒಟ್ಟಿಗೆ ಕೂತು ಅದನ್ನು ಓದಿ ಹೇಳುವುದೆಂದು ತೀರ್ಮಾನ ಆಗಿದೆ. ಫೀಜು ಕಟ್ಟಬೇಕಾದವಳೇ ಓದುತ್ತಾಳಂತೆ.

ಅಷ್ಟರೊಳಗೆ ಈ ಚಳಿಗೆ ಲೈನಿನ ಹಿರಿಯರಿಗೆಲ್ಲ ಒಂದೊಂದು ಜೊತೆ ಆಗಬೇಕು. ಪಾದದ ಗೆರೆ ಎಳೆದ ಪೇಪರುಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದ್ದೇವೆ. ಒಂದರಂತೆ ಒಂದಿಲ್ಲ. ಬೆರಳು ಹೋದದ್ದು, ಅಗಲವಾದದ್ದು, ಆಣಿ ಎದ್ದದ್ದು. ಬೇರೆ ಕೇರಿಯ, ಬೇರೆ ತೋಟದ ಅಕ್ಕತಂಗಿಯರು ಕಲಿಯಬೇಕೆಂದರೆ ಭಾನುವಾರ ಸಂಜೆ ಬನ್ನಿ. ಕಡ್ಡಿ ನಮ್ಮ ಹತ್ತಿರ ಇದೆ. ನಿಮ್ಮ ಅವ್ವನ ಪಾದದ ಅಳತೆ ಮಾತ್ರ ಬರುವಾಗ ತನ್ನಿ.