ಅಡ್ಡಗಾಲಿನ ಕಾಲಾಳು

ಚೆಸ್ ಆಟದ ಮೊದಲ ಕೆಲವು ನಡೆಗಳಲ್ಲೇ ಒಂದು ಕಾಲಾಳನ್ನೋ ಅದಕ್ಕೂ ದೊಡ್ಡ ಕಾಯನ್ನೋ ಬೇಕೆಂದೇ ಬಿಟ್ಟುಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳುವ ಆರಂಭಕ್ಕೆ ಗ್ಯಾಂಬಿಟ್ ಎಂದು ಹೆಸರು. ಸ್ಪೇನಿನ ಪಾದ್ರಿ ರೂಯ್ ಲೋಪೆಸ್ 1561ರ ತನ್ನ ಪುಸ್ತಕದಲ್ಲಿ ಈ ಮಾತನ್ನು ಬಳಕೆಗೆ ತಂದ. ಅದರ ಮೂಲ ಇಟಲಿಯ ಭಾಷೆಯದು. ಅಡ್ಡಗಾಲು ಕೊಟ್ಟು ಕೆಡವುವುದು ಎಂದು ಅರ್ಥ. ಗರಡಿ ಕಂಡವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಎಲ್ಲ ಗ್ಯಾಂಬಿಟ್‌ಗಳೂ ಗಟ್ಟಿಯಲ್ಲ. ಕೆಲವಕ್ಕೆ ಸರಿಯಾದ ಉತ್ತರ ಬಂದರೆ ಕೊಟ್ಟದ್ದು ಕೊಟ್ಟಂತೆಯೇ ಹೋಗುತ್ತದೆ. ಆದರೂ ಅವನ್ನು ಆಡುವವರಿದ್ದಾರೆ. ಕಲ್ಕತ್ತೆಯಲ್ಲಿ ವಕೀಲನಾಗಿದ್ದ ಜಾನ್ ಕೊಕ್ರೇನ್ 1848ರಲ್ಲಿ ಮೊಹೇಶ್‌ಚಂದ್ರ ಬ್ಯಾನರ್ಜಿಯವರ ಎದುರು ನಾಲ್ಕನೆಯ ನಡೆಗೇ ಕುದುರೆಯನ್ನು ಎಫ್7ಕ್ಕೆ ನುಗ್ಗಿಸಿ, ಎರಡು ಕಾಲಾಳಿಗೆ ಅದನ್ನು ಕೊಟ್ಟುಬಿಟ್ಟ. ಲೆಕ್ಕಕ್ಕೆ ಇದು ನಷ್ಟದ ವ್ಯಾಪಾರ. ಆದರೆ ಕೋಟೆ ಕಟ್ಟುವ ಮೊದಲೇ ಎದುರಾಳಿಯ ರಾಜ ಬಯಲಿಗೆ ಬಂದಿರುತ್ತಾನೆ. 1999ರಲ್ಲಿ ಲಿನಾರೆಸ್ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಟೋಪಲೋವ್ ಅದೇ ನಡೆಯನ್ನು ಮತ್ತೊಬ್ಬ ಗ್ರ್ಯಾಂಡ್‌ಮಾಸ್ಟರ್ ಕ್ರಾಮ್ನಿಕ್ ಎದುರು ಆಡಿ ಡ್ರಾ ಮಾಡಿಕೊಂಡರು. ಆ ಮಟ್ಟದಲ್ಲೂ ಅಚ್ಚರಿಗೆ ಅಷ್ಟು ಬೆಲೆಯಿದೆ.

ಶಾಲಾ ಮಕ್ಕಳ ಆಟದಲ್ಲಂತೂ ಅಚ್ಚರಿಗೆ ಇನ್ನೂ ಹೆಚ್ಚು ಬೆಲೆ; ಮಧುಗಿರಿ ಕಡೆಯನ್ನೇ ನೋಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಯವೇ ಆದರೂ ಶಾಲೆಗಳ ಮಟ್ಟಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಬೇರೆಯಾಗಿವೆ. ಶಾಲಾ ಕ್ರೀಡೆಗಳಲ್ಲಿ ಕಬಡ್ಡಿ, ಖೋ ಖೋ ಜೊತೆ ಚೆಸ್ಸಿಗೂ ಜಾಗವಿದೆ. ತಾಲ್ಲೂಕಿನಲ್ಲಿ ಗೆದ್ದ ಮಗು ಜಿಲ್ಲಾ ಮಟ್ಟಕ್ಕೆ ಹೋಗುತ್ತದೆ. ದುರ್ಬಲ ಗ್ಯಾಂಬಿಟ್ ಫಲ ಕೊಡುವುದು ಇಂಥ ಕಡೆಯೇ. ಬೇರೆ ಬೇರೆ ಊರಿಂದ ಬಂದ ಮಕ್ಕಳು ಒಬ್ಬರ ಆಟವನ್ನು ಒಬ್ಬರು ನೋಡಿರುವುದಿಲ್ಲ. ಮನೆಯಲ್ಲಿ ಅಣ್ಣನಿಂದಲೋ ಮಾವನಿಂದಲೋ ಕಲಿತ ಮಗುವಿಗೆ ಕಾಯಿ ನಡೆಸುವುದು ಚೆನ್ನಾಗಿ ಬಂದರೂ ಆರಂಭಗಳ ಪುಸ್ತಕಪಾಠ ಇರುವುದಿಲ್ಲ. ನಮ್ಮ ಹಳೆಯ ಪದ್ಧತಿಯ ಚದುರಂಗದಲ್ಲಂತೂ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಸೇನೆಗಳು ಎದುರುಬದುರಾಗಲು ಹೊತ್ತು ಹಿಡಿಯುತ್ತಿತ್ತು. ಆ ನಿಧಾನಕ್ಕೆ ಒಗ್ಗಿದ ಕಣ್ಣಿಗೆ ಎರಡನೆಯ ನಡೆಗೇ ಬಿಟ್ಟಿ ಸಿಕ್ಕ ಕಾಲಾಳು ತಬ್ಬಿಬ್ಬು ಮಾಡದೆ ಇರದು.

ಸ್ವೀಡನ್ನಿನ ಎಂಗ್ಲುಂಡ್ ಹೆಸರಿನ ಗ್ಯಾಂಬಿಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬಿಳಿ ಡಿ4 ಆಡಿದೊಡನೆ ಕಪ್ಪು ಇ5 ಎಂದು ಕಾಲಾಳನ್ನು ಮುಂದಿಡುತ್ತದೆ. ಬಿಳಿ ಅದನ್ನು ಹೊಡೆಯುತ್ತದೆ. ಕಪ್ಪು ಕುದುರೆ ಸಿ6ಕ್ಕೆ, ಬಿಳಿ ಕುದುರೆ ಎಫ್3ಕ್ಕೆ. ಕಪ್ಪು ಮಂತ್ರಿ ಇ7ಕ್ಕೆ. ಗೆದ್ದ ಕಾಲಾಳನ್ನು ಉಳಿಸಿಕೊಳ್ಳಲು ಬಿಳಿ ಒಂಟೆ ಎಫ್4ಕ್ಕೆ ಬರುತ್ತದೆ. ಅಲ್ಲಿಂದ ಬಲೆ ಶುರು. ಮಂತ್ರಿ ಬಿ4ರಲ್ಲಿ ಚೆಕ್ ಕೊಟ್ಟು, ಒಂಟೆ ಡಿ2ಕ್ಕೆ ಅಡ್ಡ ಬಂದಾಗ ಬಿ2ರ ಕಾಲಾಳನ್ನು ನುಂಗುತ್ತದೆ. ಮಂತ್ರಿಯನ್ನು ಓಡಿಸಲು ಅದೇ ಒಂಟೆಯನ್ನು ಸಿ3ಕ್ಕೆ ತಂದರೆ ಕಪ್ಪು ಒಂಟೆ ಬಿ4ರಲ್ಲಿ ನಿಂತು ಅದನ್ನು ರಾಜನ ಮುಂದೆ ಕಟ್ಟಿಹಾಕುತ್ತದೆ. ಬಿಳಿ ಮಂತ್ರಿ ಡಿ2ಕ್ಕೆ ನೆರವಿಗೆ ಓಡುತ್ತದೆ, ಸಿ3ರಲ್ಲಿ ಹೊಡೆದಾಟ, ಮರುಗಳಿಗೆ ಕಪ್ಪು ಮಂತ್ರಿ ಸಿ1ಕ್ಕೆ ಇಳಿದು ಮೇಟ್. ಎಂಟೇ ನಡೆ.

ಸೋತ ಮಗು ದಡ್ಡತನ ಮಾಡಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದರ ಪ್ರತಿ ನಡೆಯೂ ಸಹಜವಾದದ್ದೇ. ಕಾಲಾಳು ಉಳಿಸಿದ್ದು, ಚೆಕ್ಕಿಗೆ ಅಡ್ಡ ಬಂದದ್ದು, ಮಂತ್ರಿಯನ್ನು ಬೆದರಿಸಿದ್ದು. ಸಹಜವೆನಿಸುವ ನಡೆ ಎಲ್ಲಿ ತಪ್ಪಾಗುತ್ತದೋ ಆ ಜಾಗವನ್ನು ಹುಡುಕಿಯೇ ಬಲೆ ಹೆಣೆದಿದೆ. ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ ಸಮಯದ ಬ್ಲಿಟ್ಜ್ ಆಟದಲ್ಲಿ ಅಲ್ಲಿ ನಿಂತು ಯೋಚಿಸುವ ವ್ಯವಧಾನ ದೊಡ್ಡವರಿಗೂ ಕಷ್ಟ.

ಗೆದ್ದ ಮಗುವಿನ ಸ್ಥಿತಿ ಹೆಚ್ಚು ಚಿಂತೆಯದು. ಎಂಟು ನಡೆಯಲ್ಲಿ ಮುಗಿದ ಆಟದಿಂದ ಅದಕ್ಕೆ ಮಧ್ಯದಾಟವೂ ಸಿಗಲಿಲ್ಲ, ಕೊನೆಯಾಟವೂ ಸಿಗಲಿಲ್ಲ. ಧೈರ್ಯ ಕಲಿಸಲು ಒಂದಷ್ಟು ದಿನ ಗ್ಯಾಂಬಿಟ್ ಆಡಿಸುವುದು ಒಳ್ಳೆಯದೇ, ಆದರೆ ಜೊತೆಗೇ ಅದರ ಉತ್ತರವನ್ನೂ ಕಲಿಸಬೇಕು. ಇಲ್ಲಿ ಉತ್ತರ ಒಂದೇ ನಡೆ: ಸಿ3ಕ್ಕೆ ಒಂಟೆ ಬೇಡ, ಕುದುರೆ ಬರಲಿ. ಕಪ್ಪು ಒಂಟೆ ಬಿ4ಕ್ಕೆ ಬಂದರೆ ಬಿಳಿ ಆನೆ ಬಿ1ಕ್ಕೆ. ಮಂತ್ರಿ ಎ3ಕ್ಕೆ ಓಡಬೇಕು. ಆನೆ ಬಿ3ಕ್ಕೆ ಏರಿದರೆ ಮತ್ತೆ ಎ5ಕ್ಕೆ. ಕಪ್ಪಿನ ಎಂಟು ನಡೆಗಳಲ್ಲಿ ಐದು ಮಂತ್ರಿಯ ಓಡಾಟಕ್ಕೇ ಹೋಗಿವೆ. ಕೊಟ್ಟ ಕಾಲಾಳು ಬಿ2ರಲ್ಲಿ ಮರಳಿ ಸಿಕ್ಕಿದೆ, ಕಳೆದ ಹೊತ್ತು ಸಿಕ್ಕಿಲ್ಲ.