ಉಂಡ ಮನೆಗೆ ಎರಡು ಬಗೆದವರೇ?

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಪತ್ರಿಕೆ ತಿರುವುತ್ತಿದ್ದಾಗ ನನ್ನ ಮೊಮ್ಮಗ ಪಕ್ಕದಲ್ಲಿ ಬಂದು ಕುಳಿತು, "ತಾತ, ಕರುಣ್ ನಾಯರ್ ನಮ್ಮವರೋ, ವಿದರ್ಭದವರೋ?" ಎಂದು ಕೇಳಿದ. ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಹೊಟ್ಟೆ ಹೊರೆದುಕೊಂಡ ನನಗೆ ಈ ಪ್ರಶ್ನೆಗೆ ತಟ್ಟನೆ ಉತ್ತರಿಸಲಾಗಲಿಲ್ಲ. ಆ ಪ್ರಶ್ನೆಯ ಹಿಂದೆ ನನ್ನದೇ ಒಂದು ಹಳೆಯ ತಪ್ಪು ಅಡಗಿ ಕುಳಿತಿದೆ. ಅದನ್ನು ಇಂದು ಇಲ್ಲಿ ಹೇಳಿಕೊಳ್ಳಬೇಕೆಂದು ಮನಸ್ಸಾಗಿದೆ.

ನಮ್ಮ ತಲೆಮಾರಿನವರಿಗೆ ರಣಜಿ ಪಂದ್ಯವೆಂದರೆ ಮನೆಯ ಮರ್ಯಾದೆಯ ಪ್ರಶ್ನೆ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1974ರ ಮಾರ್ಚಿನಲ್ಲಿ, ಸತತ ಹದಿನೈದು ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡದಿದ್ದ ಮುಂಬಯಿ ತಂಡವನ್ನು ಪ್ರಸನ್ನ ಅವರ ನಾಯಕತ್ವದಲ್ಲಿ ನಮ್ಮವರು ಬೆಂಗಳೂರಿನಲ್ಲಿಯೇ ತಡೆದು, ಆಮೇಲೆ ಜಯಪುರಕ್ಕೆ ಹೋಗಿ ರಾಜಸ್ಥಾನವನ್ನು ಸೋಲಿಸಿ ಪ್ರಶಸ್ತಿ ತಂದರು. ಆಗ ನಾನು ಚಾಮರಾಜಪೇಟೆಯ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ ಮೇಷ್ಟರು. 'ನಮ್ಮವರು', 'ಅವರು' ಎಂಬ ಎರಡೇ ಪಂಗಡಗಳು ಅಂದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟವು.

ಆದರೆ ಆಟದ ಚರಿತ್ರೆ ಅಷ್ಟು ಸರಳವಲ್ಲ. ಅದಕ್ಕೂ ಮೊದಲೇ ಬುಧಿ ಕುಂದರನ್ ಇದ್ದರಲ್ಲ! ಮೂಲ್ಕಿಯಲ್ಲಿ ಹುಟ್ಟಿದ ಆ ವಿಕೆಟ್ ಕೀಪರ್ ಮೊದಲು ರಣಜಿ ಆಡಿದ್ದು ರೈಲ್ವೇಸ್ ತಂಡಕ್ಕೆ, ಬಳಿಕ ಮೈಸೂರು ತಂಡಕ್ಕೆ. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 192 ರನ್ ಹೊಡೆದ ಅವರು ಕಡೆಗೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿ ಆ ದೇಶದ ಪರವಾಗಿಯೂ ಆಡಿದರು. ಹೊರಗಿನಿಂದ ನಮ್ಮಲ್ಲಿಗೆ ಬಂದವರನ್ನು ನಾವು ಪ್ರಶ್ನಿಸುವುದಿಲ್ಲ. ನಮ್ಮಿಂದ ಹೊರಗೆ ಹೋದವರ ಮೇಲೆ ಮಾತ್ರ ನಮ್ಮ ಮುನಿಸು.

ಆ ಮುನಿಸು ನನ್ನಲ್ಲಿ ಉಕ್ಕಿದ್ದು 2017ರ ಡಿಸೆಂಬರಿನಲ್ಲಿ. ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್ ಅವರನ್ನು ನೀವು ಮರೆತಿರಲಾರಿರಿ. 2014ರ ಆರಂಭದಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರದ ಎದುರು ಕರ್ನಾಟಕ ರಣಜಿ ಫೈನಲ್ ಗೆದ್ದಾಗ ಕೆ.ಎಲ್. ರಾಹುಲ್ ಅವರ ಜೊತೆಗೆ ಶತಕ ಬಾರಿಸಿದವರು ಅವರು; ಗಳಿಸಿದ್ದು 117 ರನ್. ಅಂಥವರು ಅದೇ ವರ್ಷ ಕರ್ನಾಟಕವನ್ನು ಬಿಟ್ಟು ವಿದರ್ಭಕ್ಕೆ ಹೋದರು. ರಾಹುಲ್, ಉತ್ತಪ್ಪ, ಮನೀಶ್ ಪಾಂಡೆ, ಕರುಣ್ ನಾಯರ್ ಇದ್ದ ಸಾಲಿನಲ್ಲಿ ಮತ್ತೊಬ್ಬ ಬ್ಯಾಟ್ಸ್‌ಮನ್ನಿಗೆ ಜಾಗ ಎಷ್ಟು ಇಕ್ಕಟ್ಟೆಂಬುದನ್ನು ನಾನು ಆಗ ಯೋಚಿಸಲಿಲ್ಲ.

ಮೂರು ವರ್ಷಗಳ ನಂತರ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ರಣಜಿ ಸೆಮಿಫೈನಲ್. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ವಿದರ್ಭ. ಕರುಣ್ ನಾಯರ್ 153 ರನ್ ಗಳಿಸಿ ನಮಗೆ ನೂರಕ್ಕೂ ಹೆಚ್ಚಿನ ಮುನ್ನಡೆ ತಂದುಕೊಟ್ಟರು. ಎರಡನೆಯ ಸರದಿಯಲ್ಲಿ ವಿದರ್ಭವನ್ನು ಮೇಲೆತ್ತಿ ನಿಲ್ಲಿಸಿದವರಲ್ಲಿ ನಮ್ಮದೇ ಗಣೇಶ್ ಸತೀಶ್ ಮುಖ್ಯರು. ಅವರ ಗಳಿಕೆ 81. ನಮಗೆ ಗೆಲ್ಲಲು 198 ಬೇಕಿತ್ತು. ಐದನೆಯ ದಿನ ಬೆಳಿಗ್ಗೆ ಮಗನ ಮೊಬೈಲಿನಲ್ಲಿ ಅಂಕಗಳನ್ನು ನೋಡುತ್ತ ನಾನು ಸ್ನಾನಕ್ಕೂ ಏಳಲಿಲ್ಲ. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು. ಐದೇ ಐದು ರನ್ನುಗಳಿಂದ ಕರ್ನಾಟಕ ಸೋತಿತು. ವಿದರ್ಭ ಮುಂದೆ ಫೈನಲ್ಲನ್ನೂ ಗೆದ್ದು ಮೊದಲ ಬಾರಿಗೆ ರಣಜಿ ಪ್ರಶಸ್ತಿ ಪಡೆಯಿತು.

"ಉಂಡ ಮನೆಗೆ ಎರಡು ಬಗೆದರು" ಎಂದು ನಾನು ಗಟ್ಟಿಯಾಗಿಯೇ ಅಂದುಬಿಟ್ಟೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನಾಕೆ ಸೌಟು ಹಿಡಿದೇ ಹೊರಗೆ ಬಂದಳು. "ರೀ, ನಾನು ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವಳು. ಈ ಬಸವನಗುಡಿಗೆ ಬಂದು ನಲವತ್ತೆರಡು ವರ್ಷವಾಯಿತು. ತವರಿನವರು ಯಾರೂ ನನ್ನನ್ನು ಹಾಗೆ ಅನ್ನಲಿಲ್ಲವಲ್ಲ?" ಎಂದು ಕೇಳಿ ಒಳಗೆ ಹೋದಳು. ಅವಳಿಗೆ ಕ್ರಿಕೆಟ್ಟಿನ ಗಂಧ ಅಷ್ಟಕ್ಕಷ್ಟೆ. ಆದರೆ ಅವಳ ಮಾತು ಕೇಳಿ ನಾನು ಸುಮ್ಮನಾದೆ. ಏಕೆಂದರೆ ಅದೇ ಗಾದೆಯನ್ನು, ಅದೇ ಧ್ವನಿಯಲ್ಲಿ, ನಾನು ಹಿಂದೊಮ್ಮೆ ಒಬ್ಬ ಹುಡುಗನಿಗೆ ಹೇಳಿದ್ದೆ.

1981ರ ಜೂನ್ ತಿಂಗಳು. ಒಂಬತ್ತನೆಯ ತರಗತಿ ಮುಗಿಸಿದ ಆ ಹುಡುಗ ಎಡಗೈ ಸ್ಪಿನ್ನರ್. ಹೆಸರು ಬೇಡ, ಅಂದಿನ ವಿದ್ಯಾರ್ಥಿಗಳಿಗೆ ಗೊತ್ತಾಗಿಯೇ ಆಗುತ್ತದೆ. ಶಾಲೆ ಬಿಟ್ಟ ಮೇಲೆ ಸಂಜೆ ದೀಪ ಹಚ್ಚುವ ತನಕ ಅವನಿಗೆ ಚೆಂಡು ಹಾಕಿಸಿ ತಿದ್ದಿದವನು ನಾನು. ನಾನೇನೂ ದೊಡ್ಡ ಆಟಗಾರನಲ್ಲ. ಆಟದ ಮೇಷ್ಟರು ರಜೆಯಲ್ಲಿದ್ದುದರಿಂದ ಆ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು. ಅಂಥ ಹುಡುಗ ವರ್ಗಾವಣೆ ಪತ್ರ ಕೇಳಿ ಅರ್ಜಿ ಹಿಡಿದು ಬಂದ. ಎಲ್ಲಿಗೆಂದು ಕೇಳಿದರೆ, ಮೈದಾನದಲ್ಲಿ ನಮಗೆ ಸದಾ ಎದುರು ನಿಲ್ಲುತ್ತಿದ್ದ ಮಲ್ಲೇಶ್ವರದ ಶಾಲೆಗೆ! ಕಾರಣ ಕೇಳಿದಾಗ ತಲೆ ತಗ್ಗಿಸಿ ನಿಂತನೇ ಹೊರತು ಮಾತಾಡಲಿಲ್ಲ. ನಾನು ಇಡೀ ತರಗತಿಯ ಎದುರು ಆ ಗಾದೆಯನ್ನು ಹೇಳಿದೆ. ಒಂದಿಬ್ಬರು ನಕ್ಕರು. ಅವನು ಪತ್ರ ತೆಗೆದುಕೊಂಡು ಹೋದ.

ಆ ಚಳಿಗಾಲದಲ್ಲಿ ಬಸವನಗುಡಿಯ ನ್ಯಾಷನಲ್ ಮೈದಾನದಲ್ಲಿ ಎರಡೂ ಶಾಲೆಗಳು ಎದುರಾದವು. ಅವನು ನಮ್ಮವರ ಐದು ವಿಕೆಟ್ ತೆಗೆದ. ನಾನೇ ಕಲಿಸಿದ ಎಸೆತ, ನಾನೇ ತಿದ್ದಿದ ಕೈ. ಆಟ ಮುಗಿದ ಮೇಲೆ ಅವನು ಓಡಿಬಂದು ನನ್ನ ಕಾಲಿಗೆರಗಲು ಬಾಗಿದ. ನಾನು ಅಂಕಪಟ್ಟಿಯನ್ನು ನೋಡುವವನಂತೆ ಆ ಕಡೆ ತಿರುಗಿ ನಡೆದುಬಿಟ್ಟೆ.

ನಮ್ಮ ಶಾಲೆಯ ಗುಮಾಸ್ತರು ನಿವೃತ್ತರಾಗುವ ದಿನ, ಅಂದರೆ ಹದಿನೈದು ವರ್ಷಗಳ ಬಳಿಕ, ಮಾತಿನ ನಡುವೆ ವಿಷಯ ಹೊರಬಂದಿತು. ಹುಡುಗನ ತಂದೆ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಕಣ್ಣು ಮಂಜಾಗಿ ಕೆಲಸ ಹೋಗಿತ್ತು. ಮಲ್ಲೇಶ್ವರದ ಶಾಲೆಯವರು ಶುಲ್ಕ ಬಿಟ್ಟು, ಪುಸ್ತಕ ಕೊಟ್ಟು, ಪಕ್ಕದ ಮನೆಯೊಂದರಲ್ಲಿ ಮಧ್ಯಾಹ್ನದ ಊಟಕ್ಕೂ ಏರ್ಪಾಡು ಮಾಡಿದ್ದರು. "ಮೇಷ್ಟರಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ" ಎಂದು ಹುಡುಗನೇ ಗುಮಾಸ್ತರನ್ನು ಕೇಳಿಕೊಂಡಿದ್ದನಂತೆ. ನಾನು ಯಾವ ಉಂಡ ಮನೆಯ ಮಾತಾಡಿದ್ದೆನೋ, ಆ ಮನೆಯಲ್ಲಿ ಅವನಿಗೆ ಉಣ್ಣಲು ಏನೂ ಇರಲಿಲ್ಲ.

ರಣಜಿಯಲ್ಲಿಯೂ ಆಟಗಾರ ರಾಜ್ಯ ಬದಲಿಸಬೇಕಾದರೆ ತನ್ನ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅದೂ ಒಂದು ಬಗೆಯ ವರ್ಗಾವಣೆ ಪತ್ರವೇ. ಕರುಣ್ ನಾಯರ್ ಅವರ ಕಥೆಯನ್ನೇ ನೋಡಿ. 2015ರ ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ ಕರ್ನಾಟಕಕ್ಕಾಗಿ 328 ಹೊಡೆದವರು, 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303 ಗಳಿಸಿದವರು, ಕೆಲವೇ ವರ್ಷಗಳಲ್ಲಿ ಕರ್ನಾಟಕ ತಂಡದಲ್ಲಿಯೇ ಸ್ಥಾನ ಕಳೆದುಕೊಂಡರು. 2023ರಲ್ಲಿ ವಿದರ್ಭಕ್ಕೆ ಹೋದರು. 2024ರ ಫೆಬ್ರುವರಿಯಲ್ಲಿ ನಾಗಪುರದ ಕ್ವಾರ್ಟರ್ ಫೈನಲ್ಲಿನಲ್ಲಿ ಕರ್ನಾಟಕದ ವಿರುದ್ಧವೇ 90 ರನ್ ಮಾಡಿದರು; ನಾವು 127 ರನ್ನುಗಳಿಂದ ಸೋತೆವು. 2025ರ ಫೈನಲ್ಲಿನಲ್ಲಿ 86 ಮತ್ತು 135 ಗಳಿಸಿ ವಿದರ್ಭಕ್ಕೆ ಪ್ರಶಸ್ತಿ ಗೆಲ್ಲಿಸಿದರು. ಎದುರಾಳಿ ಯಾರು? ಕೇರಳ, ಅವರ ಹಿರಿಯರ ನಾಡು! ಹುಟ್ಟಿದ್ದು ಜೋಧಪುರ, ಆಟ ಕಲಿತದ್ದು ಬೆಂಗಳೂರು. ಯಾರು ಯಾರಿಗೆ ಎರಡು ಬಗೆದಂತಾಯಿತು? ಅದೇ ವರ್ಷ ಭಾರತ ತಂಡಕ್ಕೆ ಮರಳಿದರು, ಕರ್ನಾಟಕಕ್ಕೂ ಹಿಂದಿರುಗಿದರು.

ಅದೇ 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಹಿಂದೆ ಬೆಂಗಳೂರು ತಂಡಕ್ಕೆ ಆಡಿದ್ದ ರಾಹುಲ್, ದೆಹಲಿಯ ಪರವಾಗಿ ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿದರು. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತವೊಂದನ್ನು ಎಳೆದು ಅದರ ನಡುವೆ ಬ್ಯಾಟನ್ನು ಊರಿದರು. ಇದು ನನ್ನ ನೆಲ ಎಂದು ಹೇಳಿದಂತಿತ್ತು. ಮೊಮ್ಮಗ ಸೋತ ಸಿಟ್ಟಿನಲ್ಲಿದ್ದ. ನನಗೆ ಮಾತ್ರ ನ್ಯಾಷನಲ್ ಮೈದಾನದಲ್ಲಿ ನನ್ನ ಕಾಲಿನತ್ತ ಬಾಗಿದ ಹುಡುಗ ನೆನಪಾದ.

ಮೊಮ್ಮಗನಿಗೆ ಹೇಳಿದೆ: "ಕರುಣ್ ನಮ್ಮವರೇ, ಮಗು. ವಿದರ್ಭದವರೂ ಹೌದು. ಕಷ್ಟದಲ್ಲಿ ಜಾಗ ಕೊಟ್ಟವರಿಗೆ ಅವರು ಋಣ ತೀರಿಸಿದರು." ಅವನಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

ಆ ಹುಡುಗನಿಗೆ ಈಗ ಅರವತ್ತರ ಆಸುಪಾಸು ಇರಬೇಕು. ಅವನ ಸಹಪಾಠಿಗಳು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವನಿಗೆ ತಲುಪಿಸಿ. ಅಂದು ತರಗತಿಯ ಎದುರು ಆಡಿದ ಮಾತನ್ನು ಇಂದು ನಿಮ್ಮೆಲ್ಲರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಮನೆ ಅದೇ ಬಸವನಗುಡಿಯ ಹಳೆಯ ಮನೆ. ಒಂದು ದಿನ ಬಂದು ನಮ್ಮಲ್ಲಿ ಊಟ ಮಾಡಿಕೊಂಡು ಹೋಗಲಿ.